ಮೂರು ಪುಟ್ಟ ಪದಗಳು ಜೈಲಿಗೆ ಕಳಿಸಿದ ಮನುಷ್ಯ: ಜಾನ್ ಹಾರ್ನ್ ಟೂಕ್

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿ. ಇಂಗ್ಲೆಂಡಿನಲ್ಲಿ 1794ರಲ್ಲಿ ನಡೆದ ರಾಜದ್ರೋಹದ ವಿಚಾರಣೆಗಳ ಬಗ್ಗೆ ಓದುವಾಗ ಜಾನ್ ಹಾರ್ನ್ ಟೂಕ್ ಎಂಬ ಹೆಸರು ಸಿಕ್ಕಿತು. ಆಮೇಲೆ ಪದಗಳ ಮೂಲ ಹುಡುಕಿದ ಹಳೆಯ ಪಂಡಿತರ ಪಟ್ಟಿಯಲ್ಲೂ ಅದೇ ಹೆಸರು ಕಂಡಿತು. ಇಬ್ಬರೂ ಒಬ್ಬರೇನಾ? ರಾಜಕೀಯ ಸುಧಾರಣೆಗೂ ವ್ಯಾಕರಣಕ್ಕೂ ಏನು ಸಂಬಂಧ? ಆತ ಹೇಳಿದ ಪದಮೂಲಗಳು ಸರಿಯಾಗಿವೆಯಾ? ಇವತ್ತು ಓದುವುದಾದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಇಬ್ಬರೂ ಒಬ್ಬನೇ. 1736ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಹುಟ್ಟಿ 1812ರಲ್ಲಿ ವಿಂಬಲ್ಡನ್‌ನಲ್ಲಿ ತೀರಿಕೊಂಡವನು. ನಿಮಗೆ ಅನುಮಾನ ಬಂದದ್ದು ಸಹಜ. ರಾಜಕೀಯ ಚರಿತ್ರೆ ಬರೆಯುವವರು ಅವನ ವ್ಯಾಕರಣವನ್ನು ಬಿಡುವಿನ ಹವ್ಯಾಸ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಭಾಷಾಶಾಸ್ತ್ರದವರು ಅವನ ಜೈಲುವಾಸವನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ಹೀಗೆ ಎರಡು ಹೋಳು ಮಾಡಿದರೆ ಆ ಮನುಷ್ಯ ಅರ್ಥವಾಗುವುದೇ ಇಲ್ಲ. ಒಂದು ಪದದ ಅರ್ಥ ಯಾರು ತೀರ್ಮಾನ ಮಾಡುತ್ತಾರೋ ಅವರ ಕೈಯಲ್ಲಿ ಇನ್ನೊಬ್ಬರನ್ನು ಜೈಲಿಗೆ ಹಾಕುವ ಅಧಿಕಾರವೂ ಇರುತ್ತದೆ. ಟೂಕ್ ಇದನ್ನು ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ, ಕಟಕಟೆಯಲ್ಲಿ ನಿಂತು ಕಂಡದ್ದು.

ಅವನ ಹುಟ್ಟುಹೆಸರು ಜಾನ್ ಹಾರ್ನ್. ಅಪ್ಪ ಕೋಳಿ ವ್ಯಾಪಾರಿ, ಅನುಕೂಲಸ್ಥ. ಯುವರಾಜ ಫ್ರೆಡರಿಕ್‌ನ ಅರಮನೆ ಇವರ ಜಾಗಕ್ಕೆ ಅಂಟಿಕೊಂಡಿತ್ತು. ಅರಮನೆಯ ಅಧಿಕಾರಿಗಳು ಹೇಳದೆ ಕೇಳದೆ ಇವರ ಗೋಡೆ ಒಡೆದು ಸಂತೆಯ ಕಡೆಗೆ ಬಾಗಿಲು ಇಟ್ಟುಕೊಂಡರು. ಅಪ್ಪ ಕೋರ್ಟಿಗೆ ಹೋಗಿ ಗೆದ್ದ. ಗೆದ್ದ ಮೇಲೆ, ಬೇಕಾದರೆ ಬಾಗಿಲು ಬಳಸಿಕೊಳ್ಳಿ ಎಂದು ತಾನಾಗಿಯೇ ಒಪ್ಪಿಗೆ ಕೊಟ್ಟ. ಮಗನ ಮುಂದಿನ ಬದುಕನ್ನು ನೋಡಿದಾಗ ಈ ಕಥೆ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ.

ಈಟನ್ ಶಾಲೆ, ಕೇಂಬ್ರಿಜ್, ಆಮೇಲೆ ಪಾದ್ರಿ ಕೆಲಸ. ಪಾದ್ರಿಯಾದದ್ದು ಅಪ್ಪನ ಆಸೆಗೆ. ಅವನ ಮನಸ್ಸು ಇದ್ದದ್ದು ಕಾನೂನಿನ ಮೇಲೆ. 1760ರಲ್ಲಿ ಲಂಡನ್ ಪಕ್ಕದ ನ್ಯೂ ಬ್ರೆಂಟ್‌ಫರ್ಡ್‌ನ ಚರ್ಚು ಅವನಿಗೆ ಸಿಕ್ಕಿತು. ಮಿಡ್ಲ್‌ಸೆಕ್ಸ್ ಕ್ಷೇತ್ರದ ಚುನಾವಣೆ ನಡೆಯುತ್ತಿದ್ದದ್ದು ಇದೇ ಬ್ರೆಂಟ್‌ಫರ್ಡ್‌ನಲ್ಲಿ. 1768ರಲ್ಲಿ, ಸರ್ಕಾರವನ್ನು ಕಟುವಾಗಿ ಟೀಕಿಸುತ್ತಿದ್ದ ರಾಜಕಾರಣಿ ಜಾನ್ ವಿಲ್ಕ್ಸ್ ಅಲ್ಲಿ ನಿಂತಾಗ ಪಾದ್ರಿ ಹಾರ್ನ್ ಮನೆಮನೆ ತಿರುಗಿ ಮತ ಕೇಳಿದ. ಮರುವರ್ಷ ವಿಲ್ಕ್ಸ್‌ನ ಬೆಂಬಲಕ್ಕೆ ಸಂಘ ಕಟ್ಟಿದ. ಸಂಘದ ದುಡ್ಡು ವಿಲ್ಕ್ಸ್‌ನ ಸಾಲ ತೀರಿಸುವುದಕ್ಕೋ, ದೇಶದ ಕೆಲಸಕ್ಕೋ ಎಂದು ಜಗಳವಾಯಿತು. 1771ರಲ್ಲಿ ಬೇರೆಯಾಗಿ ಕಾನ್‌ಸ್ಟಿಟ್ಯೂಷನಲ್ ಸೊಸೈಟಿ ಎಂಬ ಇನ್ನೊಂದು ಸಂಘ ಕಟ್ಟಿದ. 1773ರಲ್ಲಿ ಚರ್ಚಿನ ಕೆಲಸ ಬಿಟ್ಟು ಕಾನೂನು ಓದಲು ಕೂತ.

ಇಲ್ಲಿಂದ ನಿಮ್ಮ ಪ್ರಶ್ನೆಯ ಗಟ್ಟಿ ಭಾಗ. 1775ರ ಏಪ್ರಿಲ್‌ನಲ್ಲಿ ಅಮೆರಿಕದ ಲೆಕ್ಸಿಂಗ್‌ಟನ್ ಮತ್ತು ಕಾಂಕರ್ಡ್‌ನಲ್ಲಿ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದರು. ಜೂನ್‌ನಲ್ಲಿ ಹಾರ್ನ್‌ನ ಸಂಘ 100 ಪೌಂಡ್ ಚಂದಾ ಎತ್ತಿತು. ಸತ್ತವರ ವಿಧವೆಯರಿಗೆ, ಮಕ್ಕಳಿಗೆ, ವಯಸ್ಸಾದ ತಂದೆತಾಯಿಗೆ ಬೆಂಜಮಿನ್ ಫ್ರಾಂಕ್ಲಿನ್ ಮೂಲಕ ತಲುಪಿಸಬೇಕು ಎಂದು ನಿರ್ಧರಿಸಿತು. ಈ ನಿರ್ಧಾರವನ್ನು ಹಾರ್ನ್ ಪತ್ರಿಕೆಗಳಿಗೆ ಕೊಟ್ಟ. ಅದರಲ್ಲಿ ಸತ್ತವರು ‘ಗುಲಾಮಗಿರಿಗಿಂತ ಸಾವೇ ಮೇಲು ಎಂದ’ವರು, ರಾಜನ ಸೈನಿಕರು ಅವರನ್ನು ‘ಅಮಾನುಷವಾಗಿ ಕೊಂದರು’ ಎಂದಿತ್ತು. ಕೆಳಗೆ ಅವನದೇ ಸಹಿ.

ಸರ್ಕಾರಕ್ಕೆ ಕಳಂಕ ತರುವ ಬರಹ ಎಂದು ಕೇಸ್ ಬಿತ್ತು. 1777ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ ಒಂದು ವರ್ಷ ತುಂಬಿದ ದಿನ, ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಮುಂದೆ ವಿಚಾರಣೆ. ಹಾರ್ನ್ ತನ್ನ ಪರ ತಾನೇ ವಾದಿಸಿದ. ಸೋತ. ಒಂದು ವರ್ಷ ಸೆರೆ, 200 ಪೌಂಡ್ ದಂಡ.

ಕೇಸ್ ಕೊನೆಗೆ ಬಂದು ನಿಂತದ್ದು ಆರೋಪಪಟ್ಟಿಯ ಭಾಷೆಯ ಮೇಲೆ. ಬರಹವು ರಾಜನ ಸರ್ಕಾರ ಮತ್ತು ಅವನ ಸೈನ್ಯದ ‘ಕುರಿತಾಗಿ ಮತ್ತು ಸಂಬಂಧಪಟ್ಟಂತೆ’ ಇದೆ ಎಂದು ಅದರಲ್ಲಿ ಬರೆದಿದ್ದರು. ಇಂಗ್ಲಿಷಿನಲ್ಲಿ ‘ಆಫ್ ಅಂಡ್ ಕನ್ಸರ್ನಿಂಗ್’. ಅಷ್ಟು ಸಾಲದು, ಯಾವ ಘಟನೆ, ಯಾವ ಸೈನ್ಯ, ಯಾರ ಅಪ್ಪಣೆ ಎಂದು ಬಿಡಿಸಿ ಹೇಳಬೇಕು ಎನ್ನುವುದು ಹಾರ್ನ್ ವಾದ. ಇದಕ್ಕೆ ಉತ್ತರವಾಗಿ ಸರ್ಕಾರದ ಕಡೆಯವರು ಹಳೆಯ ಕೇಸೊಂದನ್ನು ತಂದರು. ಅದರಲ್ಲಿ ಒಬ್ಬ ಹೆಂಗಸಿನ ಮೇಲೆ ಹೀಗೆ ಆರೋಪ: ‘ಕ್ರೂಕ್ ಮೇಲೆ ಫೋರ್ಜರಿ ಕೇಸ್ ಇದೆ ಎಂದು ತಿಳಿದಿದ್ದ ಅವಳು ಇಂಥಿಂಥದ್ದು ಮಾಡಿದಳು.’ ಕ್ರೂಕ್ ಮೇಲೆ ಕೇಸ್ ಇತ್ತು ಎಂದು ಅಲ್ಲಿ ಪ್ರತ್ಯೇಕ ವಾಕ್ಯದಲ್ಲಿ ಹೇಳಿಲ್ಲ, ಆದರೂ ನಡೆಯಿತು, ಇಲ್ಲೂ ನಡೆಯುತ್ತದೆ ಎನ್ನುವ ಧಾಟಿ.

ಹಾರ್ನ್ ಕೊಟ್ಟ ಉತ್ತರ ನೋಡಿ. ಆ ವಾಕ್ಯದಲ್ಲಿ ಇಂಗ್ಲಿಷಿನ ‘ದಟ್’ ಇದೆ. ವ್ಯಾಕರಣದವರು ಅದನ್ನು ಕಂಜಂಕ್ಷನ್ ಎನ್ನುತ್ತಾರೆ, ಸುಮ್ನೆ ಎರಡು ವಾಕ್ಯ ಜೋಡಿಸುವ ಕೊಂಡಿ ಎನ್ನುತ್ತಾರೆ. ಅವನ ಪ್ರಕಾರ ಅದು ಕೊಂಡಿಯೇ ಅಲ್ಲ, ‘ಅದು’ ಎಂಬ ಅರ್ಥದ ಹಳೆಯ ‘ದಟ್’ ಪದವೇ. ಹಾಗಾದರೆ ವಾಕ್ಯವನ್ನು ಹೀಗೆ ಬಿಡಿಸಬೇಕು: ‘ಕ್ರೂಕ್ ಮೇಲೆ ಫೋರ್ಜರಿ ಕೇಸ್ ಇದೆ. ಅದು ತಿಳಿದಿದ್ದ ಅವಳು ಇಂಥಿಂಥದ್ದು ಮಾಡಿದಳು.’ ಈಗ ಮೊದಲ ವಾಕ್ಯ ಸ್ವತಂತ್ರವಾಗಿ ನಿಂತಿತು, ಅಲ್ವಾ? ಹಳೆಯ ಕೇಸಿನಲ್ಲಿ ನೇರ ಹೇಳಿಕೆ ಇತ್ತು ಎಂದಾಯಿತು. ತನ್ನ ಆರೋಪಪಟ್ಟಿಯಲ್ಲಿ ಇಲ್ಲ. ಹಾಗಾಗಿ ಆ ಕೇಸನ್ನು ಇಲ್ಲಿಗೆ ತಂದು ಅಂಟಿಸುವ ಹಾಗಿಲ್ಲ.

ನ್ಯಾಯಾಲಯ ಒಪ್ಪಲಿಲ್ಲ. ಆದರೆ ಅವನು ಬಿಡಲಿಲ್ಲ. 1778ರಲ್ಲಿ ವಕೀಲ ಗೆಳೆಯ ಜಾನ್ ಡನಿಂಗ್‌ಗೆ ಬರೆದ ಪತ್ರವಾಗಿ ಈ ವಾದವನ್ನು ಅಚ್ಚು ಹಾಕಿಸಿದ. ‘ಆಫ್’, ‘ಕನ್ಸರ್ನಿಂಗ್’ ಎಂಬ ಎರಡು ಪ್ರಿಪೊಸಿಷನ್ ಮತ್ತು ‘ದಟ್’ ಎಂಬ ಒಂದು ಕಂಜಂಕ್ಷನ್‌ಗೆ ನಾನು ಬಲಿಯಾದೆ ಎಂದು ಮುಂದೆ ಬರೆದುಕೊಂಡ. ಭಾಷೆಯ ಬಗೆಗಿನ ಈ ಯೋಚನೆಗಳು ಕೇಸಿಗಿಂತ ಎಷ್ಟೋ ಮೊದಲೇ ತಲೆಯಲ್ಲಿದ್ದವು ಎಂದೂ ಅವನೇ ಹೇಳಿದ್ದಾನೆ. ಅವುಗಳಿಗೆ ಪ್ರಾಣ ಬಂದದ್ದು ಮಾತ್ರ ಆ ಕೇಸಿನಿಂದ.

ಆಮೇಲೆ ಬಂದದ್ದು ಅವನ ದೊಡ್ಡ ಪುಸ್ತಕ, ‘ಡೈವರ್ಷನ್ಸ್ ಆಫ್ ಪರ್ಲಿ’. ಪರ್ಲಿ ಎನ್ನುವುದು ಲಂಡನ್ನಿನ ದಕ್ಷಿಣಕ್ಕೆ ಕ್ರಾಯ್ಡನ್ ಹತ್ತಿರದ ಊರು. ಅಲ್ಲಿ ಅವನ ಗೆಳೆಯ ವಿಲಿಯಂ ಟೂಕ್‌ನ ಎಸ್ಟೇಟ್ ಇತ್ತು. 1774ರಲ್ಲಿ ಈ ಗೆಳೆಯನ ಜಮೀನಿಗೆ ಪೆಟ್ಟು ಕೊಡುವ ಮಸೂದೆಯೊಂದು ಪಾರ್ಲಿಮೆಂಟಿಗೆ ಬಂದಾಗ ಹಾರ್ನ್ ಸ್ಪೀಕರ್ ಮೇಲೆಯೇ ಪತ್ರಿಕೆಯಲ್ಲಿ ಹರಿಹಾಯ್ದು ಗಲಾಟೆ ಎಬ್ಬಿಸಿ ನೆರವಾಗಿದ್ದ. ಆ ಹಿರಿಯ ಗೆಳೆಯನ ಇಚ್ಛೆಯಂತೆ 1782ರಲ್ಲಿ ತನ್ನ ಹೆಸರಿಗೆ ಟೂಕ್ ಸೇರಿಸಿಕೊಂಡ. ಪುಸ್ತಕದ ಮೊದಲ ಭಾಗ 1786ರಲ್ಲಿ ಬಂತು, ಎರಡನೆಯದು 1805ರಲ್ಲಿ. ಗೆಳೆಯರು ಕೂತು ಮಾತಾಡುವ ರೂಪದಲ್ಲಿದೆ.

ಅದರ ತಿರುಳು ಸರಳ. ಭಾಷೆಗೆ ನಿಜವಾಗಿ ಬೇಕಾದದ್ದು ಎರಡೇ: ನಾಮಪದ, ಕ್ರಿಯಾಪದ. ಉಳಿದ ಸಣ್ಣಪುಟ್ಟ ಪದಗಳೆಲ್ಲ ಒಂದು ಕಾಲದಲ್ಲಿ ಇವೇ ಆಗಿದ್ದವು. ಜನ ಬೇಗ ಬೇಗ ಮಾತಾಡಿ ಅವು ಸವೆದು ಚಿಕ್ಕದಾದವು. ಆಗ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದ ಜೇಮ್ಸ್ ಹ್ಯಾರಿಸ್ 1751ರ ತನ್ನ ವ್ಯಾಕರಣದಲ್ಲಿ ಕಂಜಂಕ್ಷನ್‌ಗಳಿಗೆ ಸ್ವಂತ ಅರ್ಥವೇ ಇಲ್ಲ ಎಂದಿದ್ದ. ಟೂಕ್‌ಗೆ ಇದು ಸಹಿಸಲಾರದ ಮಾತು. ಅರ್ಥವೇ ಇಲ್ಲದ ಪದ ಭಾಷೆಯಲ್ಲಿ ಇದೆ ಎಂದು ಒಪ್ಪಿದರೆ ಅದಕ್ಕೆ ಬೇಕಾದ ಅರ್ಥ ತುಂಬುವ ಕೆಲಸ ಅಧಿಕಾರದಲ್ಲಿ ಕೂತವರ ಪಾಲಾಗುತ್ತದೆ. ಅರ್ಥವಿಲ್ಲದ ಪದಗಳು, ಎರಡರ್ಥದ ಪದಗಳು ವಂಚನೆಗೂ ಅನ್ಯಾಯಕ್ಕೂ ಎಂದೆಂದಿನ ಯಂತ್ರಗಳು ಎಂದು ಅವನು ಬರೆದ. ಮಂತ್ರವಾದಿಗಳ ಮಂತ್ರಕ್ಕಿಂತ ಕೋರ್ಟಿನ ಒಗಟುಭಾಷೆ ಹೆಚ್ಚು ಭಯಂಕರ ಎಂದೂ ಸೇರಿಸಿದ. ಕಾನೂನು ಓದುವ ನೀವು ಈ ಮಾತನ್ನು ಗುರುತು ಹಾಕಿಟ್ಟುಕೊಳ್ಳಿ.

ಅವನ ಆಲೋಚನೆ ನಮಗೆ ಅಷ್ಟು ವಿಚಿತ್ರ ಅನಿಸುವುದಿಲ್ಲ. ಕನ್ನಡದಲ್ಲಿ ಈ ಸವೆತ ಕಣ್ಣಿಗೆ ಕಾಣುವ ಹಾಗಿದೆ. ‘ಬರುತ್ತಾನೆ ಎಂದು ಗೊತ್ತು’ ಎನ್ನುವಾಗ ‘ಎಂದು’ ಬಂದದ್ದು ‘ಎನ್ನು’ ಕ್ರಿಯಾಪದದಿಂದ. ‘ಆದರೆ’ ಬಂದದ್ದು ‘ಆಗು’ವಿನಿಂದ. ‘ಅವನನ್ನು ಬಿಟ್ಟು ಎಲ್ಲರೂ ಬಂದರು’, ‘ಬೆಂಗಳೂರಿನಿಂದ ಹಿಡಿದು ಬೀದರ್‌ವರೆಗೆ’ ಎನ್ನುವಾಗ ಯಾರೂ ಏನನ್ನೂ ಬಿಡುವುದೂ ಇಲ್ಲ, ಹಿಡಿಯುವುದೂ ಇಲ್ಲ. ಕ್ರಿಯಾಪದ ಅಲ್ಲಿ ಅವ್ಯಯದ ಕೆಲಸಕ್ಕೆ ನಿಂತಿದೆ. ಇಂಗ್ಲಿಷಿನಲ್ಲಿ ಈ ಜಾಡು ಮುಚ್ಚಿಹೋಗಿತ್ತು. ಅದನ್ನು ಅಗೆದು ತೆಗೆಯಲು ಟೂಕ್ ಹಳೆಯ ಆಂಗ್ಲೋ-ಸ್ಯಾಕ್ಸನ್, ಗಾಥಿಕ್ ಕಲಿತ. ಆ ಕಾಲದ ಇಂಗ್ಲೆಂಡಿನಲ್ಲಿ ಈ ಭಾಷೆಗಳನ್ನು ಮುಟ್ಟುವವರು ಕಡಿಮೆ. ಪಂಡಿತರೆಲ್ಲ ಲ್ಯಾಟಿನ್, ಗ್ರೀಕ್ ಕಡೆ ಮುಖ ಮಾಡಿದ್ದಾಗ ಇವನು ಜನರ ಮಾತಿನ ಬೇರು ಹುಡುಕಿದ. ಇದು ನನಗೆ ತುಂಬ ಇಷ್ಟವಾಗುವ ಗುಣ.

ಇನ್ನು ಪದಮೂಲಗಳು ಸರಿಯಾ ಎಂಬ ಪ್ರಶ್ನೆ. ಹೆಚ್ಚಿನವು ತಪ್ಪು. ‘ಇಫ್’ ಎಂದರೆ ‘ಕೊಡು’ ಎಂಬ ಹಳೆಯ ಕ್ರಿಯಾಪದದ ಆಜ್ಞಾರೂಪ ಎಂದ. ಹಳೆಯ ಇಂಗ್ಲಿಷಿನಲ್ಲಿ ಅದನ್ನು ‘ಗಿಫ್’ ಎಂದು ಬರೆಯುತ್ತಿದ್ದದ್ದು ನಿಜ. ಆದರೆ ಬೇರೆ ಜರ್ಮಾನಿಕ್ ಭಾಷೆಗಳಲ್ಲಿರುವ ಅದರ ಒಡಹುಟ್ಟಿದ ಪದಗಳಿಗೂ ಕೊಡುವುದಕ್ಕೂ ಸಂಬಂಧ ಇಲ್ಲ. ‘ಅನ್‌ಲೆಸ್’ ಎನ್ನುವುದು ‘ಬಿಟ್ಟುಬಿಡು’ ಎಂಬ ಕ್ರಿಯಾಪದದಿಂದ ಬಂತು ಎಂದ. ನಿಜಕ್ಕೂ ಅದು ‘ಅದಕ್ಕಿಂತ ಕಡಿಮೆಗೆ’ ಎಂಬ ನುಡಿಗಟ್ಟಿನಿಂದ ಬಂದದ್ದು. ‘ಥ್ರೂ’ ಮತ್ತು ‘ಡೋರ್’ ಒಂದೇ ಎಂದ. ಅಲ್ಲ. ಆದರೆ ಅವನು ಜೈಲು ಕಂಡ ಆ ‘ದಟ್’ ವಿಷಯದಲ್ಲಿ ಪೂರ್ತಿ ಸರಿ. ಇಂಗ್ಲಿಷಿನ ಕಂಜಂಕ್ಷನ್ ‘ದಟ್’ ಹುಟ್ಟಿದ್ದು ‘ಅದು’ ಎಂಬ ಅರ್ಥದ ‘ದಟ್’ನಿಂದಲೇ ಎಂದು ಇವತ್ತಿನ ಭಾಷಾಶಾಸ್ತ್ರವೂ ಒಪ್ಪುತ್ತದೆ.

ಬಿಡಿ ಪದಗಳಲ್ಲಿ ಎಡವಿದರೂ ದೊಡ್ಡ ಊಹೆಯಲ್ಲಿ ಅವನು ಮುಂದಿದ್ದ. ತುಂಬು ಪದಗಳು ಸವೆದು ವ್ಯಾಕರಣದ ತುಣುಕುಗಳಾಗುತ್ತವೆ ಎನ್ನುವುದನ್ನು ಫ್ರಾನ್ಸಿನ ಆಂಟ್ವಾನ್ ಮೆಯೆ 1912ರಲ್ಲಿ ಹೆಸರಿಟ್ಟು ವಿವರಿಸಿದ. ನಮ್ಮಲ್ಲಿ ಅದನ್ನು ವ್ಯಾಕರಣೀಕರಣ ಎನ್ನುತ್ತಾರೆ. ಟೂಕ್ ಸತ್ತು ಅಷ್ಟೊತ್ತಿಗೆ 100 ವರ್ಷ.

ಟೂಕ್‌ಗೆ ಇಲ್ಲದೆ ಹೋದದ್ದು ವಿಧಾನ. ಎರಡು ಪದ ಒಂದೇ ಥರ ಕೇಳಿಸಿದರೆ ಸಾಕು, ನೆಂಟಸ್ತನ ಕಟ್ಟಿಬಿಡುತ್ತಿದ್ದ. ಅವನ ಮೊದಲ ಭಾಗ ಬಂದ 1786ರಲ್ಲೇ, ಫೆಬ್ರುವರಿ 2ರಂದು, ಕಲ್ಕತ್ತಾದಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಎಂಬ ಮಾತು ಹೇಳಿದ. ಧಾತುಗಳನ್ನೂ ವ್ಯಾಕರಣ ರೂಪಗಳನ್ನೂ ಸಾಲುಸಾಲಾಗಿ ಹೋಲಿಸುವ ದಾರಿ ಅಲ್ಲಿಂದ ತೆರೆಯಿತು. 1816ರಲ್ಲಿ ಮದರಾಸಿನಲ್ಲಿ ಎಫ್. ಡಬ್ಲ್ಯು. ಎಲ್ಲಿಸ್ ತಮಿಳು, ತೆಲುಗು, ಕನ್ನಡದ ಧಾತುಗಳನ್ನು ಪಕ್ಕಪಕ್ಕ ಇಟ್ಟು, ಇವು ಸಂಸ್ಕೃತದಿಂದ ಹುಟ್ಟಿದವಲ್ಲ, ಬೇರೆಯದೇ ಒಂದು ಕುಟುಂಬ ಎಂದು ತೋರಿಸಿದ್ದೂ ಇಂಥ ಹೋಲಿಕೆಯಿಂದಲೇ. ಇಂಗ್ಲೆಂಡಿನಲ್ಲಿ ಮಾತ್ರ ಟೂಕ್‌ನ ಮೋಡಿ ಬಹಳ ಕಾಲ ಇಳಿಯಲಿಲ್ಲ. ಜರ್ಮನಿ, ಡೆನ್ಮಾರ್ಕ್ ಕಡೆಯ ಹೊಸ ಭಾಷಾಶಾಸ್ತ್ರ ಅಲ್ಲಿ ಬೇರು ಬಿಟ್ಟದ್ದು 1830ರ ಆಸುಪಾಸಿನಲ್ಲಿ. ಅಮೆರಿಕದ ನೋವಾ ವೆಬ್‌ಸ್ಟರ್‌ನ 1828ರ ನಿಘಂಟಿನ ಪದಮೂಲಗಳಲ್ಲೂ ಟೂಕ್‌ನ ನೆರಳಿದೆ.

ಈಗ ನೀವು ಮೊದಲು ನೋಡಿದ 1794ಕ್ಕೆ ಬರೋಣ. ಫ್ರಾನ್ಸಿನಲ್ಲಿ ರಾಜನ ತಲೆ ಉರುಳಿತ್ತು. ಇಂಗ್ಲೆಂಡಿನಲ್ಲಿ ಮತದಾನ ಸುಧಾರಣೆ ಕೇಳುವ ಸಂಘಗಳನ್ನು ಕಂಡರೆ ಸರ್ಕಾರಕ್ಕೆ ಭಯ. ಮೇ ತಿಂಗಳಲ್ಲಿ ಚಪ್ಪಲಿ ಹೊಲಿಯುವ ಥಾಮಸ್ ಹಾರ್ಡಿಯನ್ನು ಹಿಡಿದರು, ಹಿಂದೆಯೇ ಟೂಕ್‌ನನ್ನು. ಆರೋಪ ರಾಜದ್ರೋಹ, ಶಿಕ್ಷೆ ಮರಣ. ಟೂಕ್‌ಗೆ ಆಗ 58 ತುಂಬುತ್ತಿತ್ತು.

ಕಾನೂನು ಯಾವುದು ಗೊತ್ತಾ? 1351ರದ್ದು, ಮೂರನೆಯ ಎಡ್ವರ್ಡ್ ಕಾಲದ್ದು. ರಾಜನ ಸಾವನ್ನು ‘ಇಮ್ಯಾಜಿನ್’ ಮಾಡಿದವನು ದ್ರೋಹಿ ಎನ್ನುತ್ತದೆ. ಅಲ್ಲಿ ಆ ಪದಕ್ಕೆ ಸಂಚು ಹೂಡು, ಮನಸ್ಸಿನಲ್ಲಿ ಉದ್ದೇಶ ಇಟ್ಟುಕೊಳ್ಳು ಎಂಬ ಅರ್ಥ. ಸರ್ಕಾರದ ವಕೀಲರು ಅದನ್ನು ಹೀಗೆ ಎಳೆದರು: ಸುಧಾರಕರು ಸಮಾವೇಶ ಸೇರಿಸಲು ಹೊರಟಿದ್ದರು. ಸಮಾವೇಶ ಪಾರ್ಲಿಮೆಂಟಿನ ಮೇಲೆ ಒತ್ತಡ ತರುತ್ತದೆ. ರಾಜ ತಡೆಯುತ್ತಾನೆ. ತಡೆದರೆ ರಾಜನ ಜೀವಕ್ಕೆ ಅಪಾಯ. ಆದ್ದರಿಂದ ಸಮಾವೇಶ ಸೇರಿಸಲು ಹೊರಟವರು ರಾಜನ ಸಾವನ್ನು ಬಗೆದವರು. ಒಂದು ಪದದ ಮೇಲೆ ಇಷ್ಟೂ ಅಂತಸ್ತು ಕಟ್ಟಿದರು. ‘ಕನ್ವೆನ್ಷನ್’ ಎಂಬ ಪದವೂ ಹಾಗೆಯೇ. ಸಭೆ ಎಂಬ ಸಾದಾ ಅರ್ಥದ ಪದ. ಫ್ರಾನ್ಸಿನವರು ತಮ್ಮ ಸಭೆಗೆ ಆ ಹೆಸರಿಟ್ಟಿದ್ದರಿಂದ ಆ ಪದವನ್ನು ಬಾಯಲ್ಲಿ ಆಡುವವರೆಲ್ಲ ರಾಜನ ತಲೆ ತೆಗೆಯುವವರು ಎಂದಾಯಿತು.

ಎಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದಿರುವುದು ಒಂದು ಚೀಟಿ. ಹಾರ್ಡಿಯನ್ನು ಹಿಡಿದ ದಿನ ಜೆರೆಮಿಯಾ ಜಾಯ್ಸ್ ಎಂಬ ಸುಧಾರಕ ಟೂಕ್‌ಗೆ ಅವಸರದಲ್ಲಿ ನಾಲ್ಕು ಸಾಲು ಬರೆದ. ಹಾರ್ಡಿಯನ್ನು ಕರೆದೊಯ್ದರು ಎಂಬ ಸುದ್ದಿ, ಕೊನೆಗೆ ‘ಗುರುವಾರಕ್ಕೆ ಸಿದ್ಧವಾಗುತ್ತದೆಯೇ?’ ಎಂಬ ಪ್ರಶ್ನೆ. ಚೀಟಿ ದಾರಿಯಲ್ಲೇ ಸರ್ಕಾರದ ಕೈಗೆ ಸಿಕ್ಕಿತು. ಗುರುವಾರ ದಂಗೆ ಏಳುತ್ತಾರೆ ಎಂದು ಅವರು ಓದಿಕೊಂಡರು. ಸಿದ್ಧವಾಗಬೇಕಿದ್ದದ್ದು ಒಂದು ಪಟ್ಟಿ ಅಷ್ಟೆ. ಮಂತ್ರಿಗಳೂ ಅವರ ನೆಂಟರೂ ಕೆಲಸ ಮಾಡದೆ ಸಂಬಳ ಎಣಿಸುವ ಹುದ್ದೆಗಳನ್ನು ಟೂಕ್ ಸರ್ಕಾರಿ ಕೈಪಿಡಿಯಿಂದ ಹೆಕ್ಕಿ ಬರೆಯುತ್ತಿದ್ದ. ‘ಸಿದ್ಧ’ ಎಂಬ ಒಂದು ಪದ ಕೋವಿಯೂ ಆಗಬಹುದು, ಕಾಗದವೂ ಆಗಬಹುದು. ಯಾರು ಓದುತ್ತಾರೆ ಎನ್ನುವುದರ ಮೇಲೆ ಜೀವ ನಿಂತಿತ್ತು.

ವಿಚಾರಣೆ ನವೆಂಬರ್ 17ರಿಂದ 22ರವರೆಗೆ ಲಂಡನ್ನಿನ ಓಲ್ಡ್ ಬೈಲಿ ಕೋರ್ಟಿನಲ್ಲಿ ನಡೆಯಿತು. ಟೂಕ್ ಪರ ಥಾಮಸ್ ಅರ್ಸ್ಕಿನ್ ವಾದಿಸಿದ. ಪ್ರಧಾನಿ ವಿಲಿಯಂ ಪಿಟ್‌ನನ್ನೇ ಸಾಕ್ಷಿಗೆ ಕರೆಸಿದರು. 1782ರಲ್ಲಿ ಪಿಟ್ ಕೂಡ ಸುಧಾರಣೆಯ ಪರ ಸಭೆಗಳಲ್ಲಿ ಕೂತಿದ್ದವನು. ಮೊದಲು ನೆನಪಿಲ್ಲ ಎಂದ. ಪಾರ್ಲಿಮೆಂಟ್ ಸದಸ್ಯ ಶೆರಿಡನ್ ಬಂದು ಸಾಕ್ಷಿ ಹೇಳಿದ ಮೇಲೆ ಒಪ್ಪಿಕೊಳ್ಳಬೇಕಾಯಿತು. ಟೂಕ್ ಅಷ್ಟೇನೂ ಉಗ್ರನಲ್ಲ ಎನ್ನುವುದಕ್ಕೆ ಅವನದೇ ಒಂದು ಮಾತೂ ಹೊರಬಂತು: ವಿಂಡ್ಸರ್‌ಗೆ ಹೋಗುವ ಗಾಡಿಯಲ್ಲಿ ಎಲ್ಲರ ಜೊತೆ ನಾನೂ ಕೂರುತ್ತೇನೆ, ದಾರಿಯ ನಡುವೆ ಹೌನ್ಸ್‌ಲೋ ಬಂದಾಗ ಇಳಿದುಬಿಡುತ್ತೇನೆ. ಎಲ್ಲರಿಗೂ ಮತ ಎಂಬಲ್ಲಿಗೆ ಅವನ ಪ್ರಯಾಣ ಹೋಗುತ್ತಿರಲಿಲ್ಲ. ಜ್ಯೂರಿ ಕೆಲವೇ ನಿಮಿಷದಲ್ಲಿ ನಿರ್ದೋಷಿ ಎಂದಿತು.

ಇಷ್ಟೆಲ್ಲ ಹೊಗಳಿದ ಮೇಲೆ ನನ್ನ ಒಂದು ತಕರಾರನ್ನೂ ಹೇಳಲೇಬೇಕು. ‘ಪರ್ಲಿ’ಯ ಎರಡನೆಯ ಭಾಗದಲ್ಲಿ ಟೂಕ್ ಮತ್ತು ಯುವ ಸುಧಾರಕ ಫ್ರಾನ್ಸಿಸ್ ಬರ್ಡೆಟ್ ಮಾತಾಡುತ್ತಾರೆ. ‘ರೈಟ್’, ಅಂದರೆ ಹಕ್ಕು ಅಥವಾ ಸರಿ ಎಂಬ ಪದ, ಲ್ಯಾಟಿನ್ನಿನ ‘ಆಳು, ಆಜ್ಞಾಪಿಸು’ ಎಂಬ ಕ್ರಿಯಾಪದದ ರೂಪ ಎನ್ನುತ್ತಾನೆ ಟೂಕ್. ಹಾಗಾಗಿ ಆಜ್ಞೆಯಾದದ್ದೇ ಸರಿ. ‘ಟ್ರೂತ್’ ಎಂದರೆ ಮನುಷ್ಯ ನಂಬಿದ್ದು, ಮನುಷ್ಯನಿಲ್ಲದೆ ಸತ್ಯವೂ ಇಲ್ಲ. ಆಜ್ಞೆಯಾದದ್ದೇ ಸರಿಯಾದರೆ, ರಾಜನ ಆಜ್ಞೆ ಮೀರಿ ಹಕ್ಕು ಕೇಳುವ ನಾವು ಏನು ಮಾಡಬೇಕು ಎಂಬ ಪ್ರಶ್ನೆ ಏಳುತ್ತದೆ. ಮನುಷ್ಯರ ಆಜ್ಞೆಗಿಂತ ಮೇಲೆ ದೇವರು ಮನುಷ್ಯ ಸ್ವಭಾವದಲ್ಲಿ ಇಟ್ಟ ಆಜ್ಞೆ ಇದೆ ಎಂದು ಅವನು ದಾರಿ ಮಾಡಿಕೊಳ್ಳುತ್ತಾನೆ.

ಈ ದಾರಿ ನನಗೆ ಒಪ್ಪಿಗೆಯಿಲ್ಲ. ಪದ ಎಲ್ಲಿಂದ ಬಂತೋ ಅಲ್ಲೇ ಅದರ ನಿಜವಾದ ಅರ್ಥ ಇದೆ ಎಂದರೆ, ಇವತ್ತು ಆ ಪದ ಬಳಸುವ ಜನಕ್ಕೆ ಬೆಲೆಯೇ ಇಲ್ಲ. ನ್ಯಾಯಪೀಠದಲ್ಲಿ ಕೂತವರು ‘ನಾವು ಹೇಳಿದ್ದೇ ಅರ್ಥ’ ಎಂದಾಗ ಎದುರು ನಿಂತವನು ಟೂಕ್. ಆದರೆ ಆ ಪೀಠದಲ್ಲಿ ಸಾವಿರ ವರ್ಷದ ಹಿಂದಿನ ಸ್ಯಾಕ್ಸನ್ನರನ್ನು ತಂದು ಕೂರಿಸಿದ. ಪೀಠ ಹಾಗೇ ಉಳಿಯಿತು. ಇವತ್ತಿಗೂ ವಾದದ ಮಧ್ಯೆ ‘ಈ ಪದದ ಮೂಲ ಧಾತು ಇದು, ಹಾಗಾಗಿ ನಿಜವಾದ ಅರ್ಥ ಇದೇ’ ಎಂದು ಬಾಯಿ ಮುಚ್ಚಿಸುವವರು ನಮ್ಮಲ್ಲೂ ಜಾಸ್ತಿ. ಮೂಲ ತಿಳಿದರೆ ಪದ ನಡೆದು ಬಂದ ದಾರಿ ತಿಳಿಯುತ್ತದೆ. ಅರ್ಥ ಬೇಕಾದರೆ ಈಗ ಮಾತಾಡುವವರನ್ನೇ ಕೇಳಬೇಕು.

ಅವನ ಕೊನೆಯ ರಾಜಕೀಯ ಜಗಳವೂ ಒಂದು ಪದದ ಮೇಲೆಯೇ. 1779ರಲ್ಲಿ ವಕೀಲನಾಗಲು ಹೋದಾಗ ನೀನು ಪಾದ್ರಿ, ಆಗದು ಎಂದಿದ್ದರು. 1801ರಲ್ಲಿ ಓಲ್ಡ್ ಸೇರಂ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಬಂದ. ಆ ಕ್ಷೇತ್ರದಲ್ಲಿ ಮನೆಗಳೇ ಇರಲಿಲ್ಲ, ಬೆರಳೆಣಿಕೆಯ ಮತದಾರರು ಬೇರೆ ಕಡೆ ಇದ್ದರು. ಸುಧಾರಕನೊಬ್ಬ ಇಂಥ ಕ್ಷೇತ್ರದಿಂದ ಬಂದದ್ದು ಅವನ ಹೆಸರಿಗೆ ಅಂಟಿದ ಕಲೆ, ಅದನ್ನು ಮುಚ್ಚಿಡಲಾಗದು. ಚರ್ಚು ಬಿಟ್ಟು 28 ವರ್ಷವಾಗಿದ್ದರೂ ಪಾದ್ರಿ ಎಂದರೆ ಸಾಯುವವರೆಗೂ ಪಾದ್ರಿಯೇ ಎಂದು ಅಲ್ಲೂ ತಕರಾರು ಎದ್ದಿತು. ಪಾದ್ರಿಗಳು ಕಾಮನ್ಸ್ ಸಭೆಯಲ್ಲಿ ಕೂರಬಾರದು ಎಂದು ಅದೇ ವರ್ಷ ಕಾಯ್ದೆ ಮಾಡಿದರು. 1802ರವರೆಗೆ ಅವನನ್ನು ಇರಗೊಟ್ಟರು, ಮುಂದೆ ನಿಲ್ಲುವ ದಾರಿ ಮುಚ್ಚಿತು. ಆ ನಿರ್ಬಂಧ ಹೋದದ್ದು 2001ರಲ್ಲಿ.

ಓದುವುದಾದರೆ ದೊಡ್ಡ ಪುಸ್ತಕದಿಂದ ಶುರು ಮಾಡಬೇಡಿ. ಹಳೆಯ ಕವಿಗಳ ಸಾಲುಗಳು ಪುಟಗಟ್ಟಲೆ ಬರುತ್ತವೆ, ಬೇಗ ಸುಸ್ತಾಗುತ್ತದೆ. ಮೊದಲು 1777ರ ವಿಚಾರಣೆಯ ವರದಿ ಓದಿ. ಆಮೇಲೆ ಡನಿಂಗ್‌ಗೆ ಬರೆದ ಪತ್ರ. ಅದು ಚಿಕ್ಕದು, ಕೋಪ ಇನ್ನೂ ಬಿಸಿಯಾಗಿರುವಾಗ ಬರೆದದ್ದು. ಅದಾದ ಮೇಲೆ ‘ಪರ್ಲಿ’ಯ ಮೊದಲ ಭಾಗದಲ್ಲಿ ಕಂಜಂಕ್ಷನ್‌ಗಳ ಅಧ್ಯಾಯ, ಎರಡನೆಯ ಭಾಗದಲ್ಲಿ ಹಕ್ಕಿನ ಅಧ್ಯಾಯ. ಪದಮೂಲ ಬಂದಲ್ಲೆಲ್ಲ ಪಕ್ಕದಲ್ಲಿ ಇವತ್ತಿನ ಒಂದು ಒಳ್ಳೆಯ ಇಂಗ್ಲಿಷ್ ನಿಘಂಟು ಇಟ್ಟುಕೊಂಡು ತಾಳೆ ನೋಡಿ. 1794ರ ವಿಚಾರಣೆಯ ವರದಿ ಉದ್ದ ಇದೆ. ನೀವು ಕಾನೂನು ಓದುವವರಾದ್ದರಿಂದ ಅದರಲ್ಲಿ ಅರ್ಸ್ಕಿನ್ ವಾದವನ್ನೂ ಪಿಟ್‌ನ ಸಾಕ್ಷ್ಯವನ್ನೂ ಮಾತ್ರ ಬಿಡಬೇಡಿ.